ರೋಗನಿರೋಧಕ ತಳಿಗಳ ಬಾಳಿಕೆ: ಕೆಲವು ವಂಶವಾಹಿಗಳು ಬೇಗ ಸೋಲುವುದೇಕೆ, ಕೆಲವು ದಶಕಗಳ ಕಾಲ ನಿಲ್ಲುವುದೇಕೆ?

ತಳಿಜಿಜ್ಞಾಸು

ಬೆಳೆಗಳ ರೋಗನಿರೋಧಕತೆಯ ತಳಿವಿಜ್ಞಾನವನ್ನು ಓದುತ್ತಿರುವ ನನಗೆ ಬಗೆಹರಿಯದ ಒಂದು ಪ್ರಶ್ನೆಯನ್ನು ತಿಳಿದವರ ಮುಂದೆ ಇಡುತ್ತಿದ್ದೇನೆ. ಗೋಧಿಯ ಹಳದಿ ತುಕ್ಕು ರೋಗಕ್ಕೆ ಇರುವ ನಿರೋಧಕತೆಯು ಮೆಂಡೆಲನ ನಿಯಮದಂತೆಯೇ ಪೀಳಿಗೆಯಿಂದ ಪೀಳಿಗೆಗೆ ಸಾಗುತ್ತದೆ ಎಂದು ಬ್ರಿಟನ್ನಿನ ಸಸ್ಯತಳಿ ವಿಜ್ಞಾನಿ ರೋಲಂಡ್ ಬಿಫೆನ್ 1905ರಲ್ಲಿಯೇ ತೋರಿಸಿದರು. ಅವರ ಸಂಕರಣದ ಎರಡನೆಯ ಪೀಳಿಗೆಯಲ್ಲಿ ನಾಲ್ಕರಲ್ಲಿ ಸುಮಾರು ಒಂದು ಪಾಲು ಗಿಡಗಳು ರೋಗವನ್ನು ತಡೆದುಕೊಂಡವು. ಒಂದೇ ವಂಶವಾಹಿಯಿಂದ ರೋಗ ನಿಲ್ಲುತ್ತದೆ ಎಂದಾದರೆ ಅದನ್ನು ಒಳ್ಳೆಯ ತಳಿಗೆ ಸೇರಿಸಿ ಸಮಸ್ಯೆಯನ್ನು ಮುಗಿಸಬಹುದಿತ್ತು. ಆದರೆ ಒಂದು ಶತಮಾನಕ್ಕೂ ಹೆಚ್ಚು ಕಾಲದ ಅನುಭವ ಬೇರೆಯದನ್ನೇ ಹೇಳುತ್ತದೆ. ಹೊಸ ನಿರೋಧಕ ತಳಿಯೊಂದು ವ್ಯಾಪಕವಾಗಿ ಬೆಳೆಯತೊಡಗಿದ ಕೆಲವೇ ವರ್ಷಗಳಲ್ಲಿ ಅದೇ ರೋಗಕ್ಕೆ ಬಲಿಯಾದ ಉದಾಹರಣೆಗಳು ತುಕ್ಕು ರೋಗಗಳಲ್ಲಿಯೂ ಭತ್ತದ ಬೆಂಕಿ ರೋಗದಲ್ಲಿಯೂ ಬಹಳ ಇವೆ.

ಇದಕ್ಕೆ ವಿರುದ್ಧವಾಗಿ ಬಾರ್ಲಿಯ ಎಂಎಲ್‌ಒ ಎಂಬ ವಂಶವಾಹಿಯಿಂದ ಬರುವ ನಿರೋಧಕತೆಯು 1979ರಿಂದ ಬೂದಿ ರೋಗವನ್ನು ತಡೆಯುತ್ತಲೇ ಬಂದಿದೆ, ಗೋಧಿಯ ತುಕ್ಕನ್ನು ತಡೆಯುವ ಎಲ್‌ಆರ್34 ವಂಶವಾಹಿ ಅದಕ್ಕಿಂತಲೂ ಹಳೆಯದು. ಇವುಗಳನ್ನು ಉಳಿದವುಗಳಿಂದ ಬೇರೆ ಮಾಡುವುದು ವಂಶವಾಹಿಗಳ ಸಂಖ್ಯೆಯೋ ಅಥವಾ ಅವು ಮಾಡುವ ಕೆಲಸವೋ? ಅಪ್ರಬಲ ವಂಶವಾಹಿಗಳು, ಅಂದರೆ ಎರಡೂ ಪ್ರತಿಗಳಿದ್ದಾಗ ಮಾತ್ರ ಗುಣ ತೋರುವವು, ಹೆಚ್ಚು ಬಾಳುತ್ತವೆ ಎಂದು ಕೆಲವು ಕಡೆ ಓದಿದ್ದೇನೆ. ಇದಕ್ಕೆ ಕಾರಣವಿದೆಯೇ, ಅಥವಾ ಇದು ಕೇವಲ ಕಾಕತಾಳೀಯವೇ?

ಸಸ್ಯರೋಗ ಅಧ್ಯಾಪಕಿ

ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರ ಬಿಫೆನ್ನರಲ್ಲಿ ಸಿಗುವುದಿಲ್ಲ. ಅವರು ಗಿಡದ ತಳಿವಿಜ್ಞಾನವನ್ನು ಮಾತ್ರ ನೋಡಿದರು, ಶಿಲೀಂಧ್ರಕ್ಕೂ ತನ್ನದೇ ಆದ ತಳಿವಿಜ್ಞಾನವಿದೆ. ಎರಡನ್ನೂ ಒಟ್ಟಿಗೆ ನೋಡಿದವರು ಹೆರಾಲ್ಡ್ ಫ್ಲೋರ್. ಅಮೆರಿಕದ ಉತ್ತರ ಡಕೋಟಾದಲ್ಲಿ ಅಗಸೆ ಮತ್ತು ಅದರ ತುಕ್ಕು ಶಿಲೀಂಧ್ರದ ಮೇಲೆ 1940ರ ದಶಕದಲ್ಲಿ ಕೆಲಸ ಮಾಡುತ್ತಿದ್ದ ಅವರು ಅಗಸೆಯ ತಳಿಗಳನ್ನು ಸಂಕರಗೊಳಿಸಿದಂತೆ ಶಿಲೀಂಧ್ರದ ರೇಸ್‌ಗಳನ್ನೂ (ಯಾವ ತಳಿಗೆ ರೋಗ ತರಬಲ್ಲವು ಎಂಬುದರಲ್ಲಿ ಬೇರೆಯಾಗುವ ಒಳಬಗೆಗಳನ್ನೂ) ಸಂಕರಗೊಳಿಸಿದರು. ಗಿಡದಲ್ಲಿರುವ ಪ್ರತಿಯೊಂದು ನಿರೋಧಕ ವಂಶವಾಹಿಗೂ ಶಿಲೀಂಧ್ರದಲ್ಲಿ ಅದಕ್ಕೆ ಸರಿಯಾಗಿ ಹೊಂದುವ ಇನ್ನೊಂದು ವಂಶವಾಹಿ ಇದೆ, ಎರಡೂ ಕಡೆಯ ಜೋಡಿ ಕೂಡಿಬಂದಾಗ ಮಾತ್ರ ರೋಗ ನಿಲ್ಲುತ್ತದೆ ಎಂಬ ತೀರ್ಮಾನಕ್ಕೆ ಅವರು ಬಂದರು. ಈ ವಿಷಯದ ಅತಿ ಮುಖ್ಯ ಪ್ರಯೋಗ ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೆಸರಿಸುತ್ತೇನೆ, ಏಕೆಂದರೆ ನಿರೋಧಕತೆಯು ಗಿಡವೊಂದರ ಸ್ವಂತ ಗುಣವಲ್ಲ, ಎರಡು ಜೀವಿಗಳ ನಡುವಿನ ಸಂಬಂಧ ಎಂಬುದು ಅಂದೇ ಸ್ಪಷ್ಟವಾಯಿತು.

ಇದರ ಅಣುಮಟ್ಟದ ಅರ್ಥ ಅರ್ಧ ಶತಮಾನದ ನಂತರ ತಿಳಿಯಿತು. 1994ರ ಸುಮಾರಿಗೆ ಅಗಸೆ, ತಂಬಾಕು, ಟೊಮೆಟೊ ಮತ್ತು ಪ್ರಯೋಗಾಲಯದ ಮಾದರಿ ಸಸ್ಯವಾದ ಅರಾಬಿಡಾಪ್ಸಿಸ್‌ಗಳಿಂದ ನಿರೋಧಕ ವಂಶವಾಹಿಗಳನ್ನು ಬೇರ್ಪಡಿಸಿದಾಗ, ಒಂದು ತುಕ್ಕಿಗೆ, ಒಂದು ವೈರಸ್ಸಿಗೆ, ಒಂದು ದುಂಡಾಣುವಿಗೆ ಎಂದು ಬೇರೆ ಬೇರೆ ರೋಗಗಳನ್ನು ತಡೆಯುವ ಅವುಗಳಲ್ಲಿ ಹೆಚ್ಚಿನವು ಒಂದೇ ಬಗೆಯ ಪ್ರೋಟೀನನ್ನು ತಯಾರಿಸುತ್ತವೆ ಎಂಬುದು ಕಂಡುಬಂದಿತು. ಇವುಗಳನ್ನು ಈಗ ಎನ್‌ಎಲ್‌ಆರ್ ಗ್ರಾಹಕಗಳು ಎಂದು ಕರೆಯುತ್ತಾರೆ. ರೋಗಕಾರಕವು ಗಿಡದ ರಕ್ಷಣೆಯನ್ನು ಕುಗ್ಗಿಸಲು ಕೋಶದೊಳಕ್ಕೆ ಎಫೆಕ್ಟರ್ ಎಂಬ ಪ್ರೋಟೀನುಗಳನ್ನು ಬಿಡುತ್ತದೆ. ಗ್ರಾಹಕವು ಅಂತಹ ಒಂದು ಎಫೆಕ್ಟರಿನ ಇರವನ್ನು ಪತ್ತೆಹಚ್ಚಿದ ಕೂಡಲೇ ಸೋಂಕು ತಗುಲಿದ ಕೋಶವು ತಾನೇ ಸಾಯುತ್ತದೆ. ಜೀವಂತ ಕೋಶವಿಲ್ಲದೆ ಬೆಳೆಯಲಾರದ ತುಕ್ಕು ಶಿಲೀಂಧ್ರವು ಅಲ್ಲಿಯೇ ಕಟ್ಟಿಬೀಳುತ್ತದೆ.

ಈಗ ರೋಗಕಾರಕದ ಕಡೆಯಿಂದ ನೋಡಿ. ಪತ್ತೆಯಾಗದಿರಲು ಅದು ಹೊಸ ಶಕ್ತಿಯನ್ನೇನೂ ಗಳಿಸಬೇಕಾಗಿಲ್ಲ, ಆ ಒಂದು ಎಫೆಕ್ಟರನ್ನು ಕೆಡಿಸಿಕೊಂಡರೆ ಸಾಕು. ವಂಶವಾಹಿಯೊಂದನ್ನು ಕೆಡಿಸುವ ದಾರಿಗಳು ನೂರಾರು ಇರುತ್ತವೆ, ಹೊಸ ಕೆಲಸವನ್ನು ಕಲಿಸುವ ದಾರಿಗಳು ಬೆರಳೆಣಿಕೆಯಷ್ಟು. ಕಾಂಡತುಕ್ಕನ್ನು ತಡೆಯುವ ಗೋಧಿಯ ಎಸ್‌ಆರ್35 ಗ್ರಾಹಕವು ಗುರುತಿಸುವ ಎಫೆಕ್ಟರನ್ನು 2017ರಲ್ಲಿ ಪತ್ತೆಹಚ್ಚಿದಾಗ, ಆ ನಿರೋಧಕತೆಯನ್ನು ಮೀರಿದ ರೇಸ್‌ಗಳಲ್ಲಿ ಜಿಗಿಯುವ ಡಿಎನ್‌ಎ ತುಣುಕೊಂದು ಆ ವಂಶವಾಹಿಯ ನಡುವೆ ಸೇರಿಕೊಂಡು ಅದನ್ನು ನಿಷ್ಕ್ರಿಯಗೊಳಿಸಿದ್ದು ಕಂಡಿತು. ತುಕ್ಕು ಹಿಡಿದ ಒಂದೇ ಹೊಲದಿಂದ ಕೋಟ್ಯಂತರ ಬೀಜಾಣುಗಳು ಗಾಳಿಗೆ ಹಾರುವಾಗ ಇಂತಹ ಅಪರೂಪದ ಘಟನೆಗಳೂ ನಡೆದೇ ನಡೆಯುತ್ತವೆ. ನಿರೋಧಕ ತಳಿಯೊಂದೇ ಹಬ್ಬಿರುವ ಪ್ರದೇಶದಲ್ಲಿ ಬದುಕಿ ಉಳಿಯುವುದು ಅಂತಹ ಬೀಜಾಣುವೊಂದೇ.

ಜೀವಕೋಶ

ಮೇಡಂ ಅವರ ವಿವರಣೆಗೆ ಒಂದು ತಿದ್ದುಪಡಿಯಲ್ಲ, ಒಂದು ಸೇರ್ಪಡೆ. ಗ್ರಾಹಕ ಮತ್ತು ಎಫೆಕ್ಟರುಗಳನ್ನು ಬೀಗ ಮತ್ತು ಕೀಲಿಕೈಗೆ ಹೋಲಿಸುವ ವಾಡಿಕೆ ಪಠ್ಯಗಳಲ್ಲಿದೆ. ಈ ಹೋಲಿಕೆಯಿಂದ ಬಾಳಿಕೆಯ ಪ್ರಶ್ನೆಯೇ ಮರೆಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಅನೇಕ ಗ್ರಾಹಕಗಳು ಎಫೆಕ್ಟರನ್ನು ನೇರವಾಗಿ ಮುಟ್ಟುವುದೇ ಇಲ್ಲ. ಎಫೆಕ್ಟರು ಹಾಳುಗೆಡವುವ ಗಿಡದ ಸ್ವಂತ ಪ್ರೋಟೀನೊಂದನ್ನು ಅವು ಕಾಯುತ್ತಿರುತ್ತವೆ. ಅರಾಬಿಡಾಪ್ಸಿಸ್‌ನಲ್ಲಿ ಆರ್‌ಐಎನ್4 ಎಂಬ ಪ್ರೋಟೀನನ್ನು ಎರಡು ಬೇರೆ ಗ್ರಾಹಕಗಳು ಕಾಯುತ್ತವೆ. ಒಂದು ಎಫೆಕ್ಟರು ಅದನ್ನು ತುಂಡರಿಸಿದಾಗ ಆರ್‌ಪಿಎಸ್2 ಎಚ್ಚರಗೊಳ್ಳುತ್ತದೆ, ಇನ್ನೊಂದು ಎಫೆಕ್ಟರಿನ ಪ್ರಭಾವದಿಂದ ಅದಕ್ಕೆ ಫಾಸ್ಫೇಟ್ ಸೇರಿದಾಗ ಆರ್‌ಪಿಎಂ1 ಎಚ್ಚರಗೊಳ್ಳುತ್ತದೆ. ಭತ್ತದ ಪಿಐಕೆ ಗ್ರಾಹಕವಂತೂ, ಬೆಂಕಿ ರೋಗದ ಎಫೆಕ್ಟರು ಹಿಡಿಯಲು ಬರುವ ಪ್ರೋಟೀನಿನ ಒಂದು ಪ್ರತಿಯನ್ನು ತನ್ನ ಮೈಯಲ್ಲಿಯೇ ಜೋಡಿಸಿಕೊಂಡಿದೆ. ಹೀಗೆ ಎಚ್ಚರಗೊಂಡ ಗ್ರಾಹಕವು ಮುಂದೆ ಏನು ಮಾಡುತ್ತದೆ ಎಂಬುದು 2019ರವರೆಗೆ ತಿಳಿದಿರಲಿಲ್ಲ. ಝಡ್‌ಎಆರ್1 ಎಂಬ ಗ್ರಾಹಕದ ಐದು ಅಣುಗಳು ಒಂದು ಚಕ್ರದಂತೆ ಕೂಡಿಕೊಳ್ಳುತ್ತವೆ ಎಂಬುದು ಆಗ ಕಂಡಿತು. ಆ ಚಕ್ರವು ಕೋಶಪೊರೆಯಲ್ಲಿ ಕ್ಯಾಲ್ಸಿಯಂ ಒಳಬರುವ ರಂಧ್ರವಾಗುತ್ತದೆ ಎಂಬುದು 2021ರಲ್ಲಿ ಸ್ಪಷ್ಟವಾಯಿತು.

ಬಾಳಿಕೆಗೆ ಇದು ಹೇಗೆ ಸಂಬಂಧಿಸುತ್ತದೆ ಎಂದರೆ, ಯಾವ ಎಫೆಕ್ಟರನ್ನು ಗುರುತಿಸಲಾಗುತ್ತಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ರೋಗಕಾರಕಕ್ಕೆ ಬಿಟ್ಟರೂ ನಡೆಯುವಂತಹ ಎಫೆಕ್ಟರಾದರೆ ನಿರೋಧಕತೆ ಬೇಗ ಮುರಿಯುತ್ತದೆ, ಅದಿಲ್ಲದೆ ಸೋಂಕೇ ಕುಂದುವಂತಹದಾದರೆ ಹೆಚ್ಚು ಕಾಲ ನಿಲ್ಲುತ್ತದೆ. ಮೆಣಸಿನಕಾಯಿ ಗಿಡದ ಬಿಎಸ್2 ವಂಶವಾಹಿಯನ್ನು ಈ ಕಾರಣಕ್ಕಾಗಿಯೇ ಬಹಳ ಭರವಸೆಯಿಂದ ಬಳಸಲಾಯಿತು, ಏಕೆಂದರೆ ಅದು ಗುರುತಿಸುವ ಎಫೆಕ್ಟರು ಎಲೆಚುಕ್ಕೆ ರೋಗದ ದುಂಡಾಣುವಿನ ಬಲಕ್ಕೆ ಮುಖ್ಯವಾದುದು. ಆದರೂ ಹೊಲಗಳಲ್ಲಿ ಅದನ್ನು ಮೀರಿದ ದುಂಡಾಣುಗಳು ಕಾಣಿಸಿಕೊಂಡವು. ಎಫೆಕ್ಟರನ್ನು ಪೂರ್ತಿ ಕಳೆದುಕೊಳ್ಳದೆ, ಕೆಲವು ಅಮೈನೊ ಆಮ್ಲಗಳನ್ನು ಮಾತ್ರ ಬದಲಿಸಿಕೊಂಡು, ಅದರ ಕೆಲಸವನ್ನು ಸಾಕಷ್ಟು ಉಳಿಸಿಕೊಂಡೇ ಪತ್ತೆಯಿಂದ ತಪ್ಪಿಸಿಕೊಳ್ಳಲು ಅವುಗಳಿಗೆ ಸಾಧ್ಯವಾಯಿತು. ಆದ್ದರಿಂದ ಎಫೆಕ್ಟರಿನ ಮಹತ್ವವು ಒಳ್ಳೆಯ ಸೂಚನೆಯೇ ಹೊರತು ಖಾತರಿಯಲ್ಲ.

ಗೋಧಿತಳಿ ಸಂಶೋಧಕ

ಅಪ್ರಬಲ ವಂಶವಾಹಿಗಳ ಪ್ರಶ್ನೆಯನ್ನು ನಾನು ತೆಗೆದುಕೊಳ್ಳುತ್ತೇನೆ. ಇಲ್ಲಿ ಕಾಕತಾಳೀಯವೇನೂ ಇಲ್ಲ. ಗ್ರಾಹಕವನ್ನು ತಯಾರಿಸುವ ವಂಶವಾಹಿಯ ಒಂದು ಪ್ರತಿ ಇದ್ದರೂ ಸಾಮಾನ್ಯವಾಗಿ ಕೆಲಸವಾಗುವುದರಿಂದ ಅದು ಪ್ರಬಲವಾಗಿ ತೋರುತ್ತದೆ. ಅಪ್ರಬಲ ನಿರೋಧಕತೆಯಲ್ಲಿ ಹೆಚ್ಚಾಗಿ ನಡೆಯುವುದು ಇದಕ್ಕೆ ವಿರುದ್ಧವಾದುದು. ರೋಗಕಾರಕವು ತನ್ನ ಬೆಳವಣಿಗೆಗೆ ಗಿಡದ ಯಾವುದೋ ಪ್ರೋಟೀನನ್ನು ಆಶ್ರಯಿಸಿರುತ್ತದೆ, ಆ ಪ್ರೋಟೀನಿನ ಎರಡೂ ಪ್ರತಿಗಳು ಕೆಟ್ಟಾಗ ಅದಕ್ಕೆ ನೆಲೆಯಿಲ್ಲದಂತಾಗುತ್ತದೆ. ಎಂಎಲ್‌ಒ ಅಂತಹದೇ. ಬಾರ್ಲಿಯ ಬೀಜಗಳ ಮೇಲೆ ಎಕ್ಸ್‌ರೇ ಹಾಯಿಸಿ 1942ರಲ್ಲಿ ಈ ಉತ್ಪರಿವರ್ತನೆಯನ್ನು ಪಡೆಯಲಾಗಿತ್ತು. ಇಥಿಯೋಪಿಯದಿಂದ 1937-38ರಲ್ಲಿ ಸಂಗ್ರಹಿಸಿದ ನಾಟಿ ಬಾರ್ಲಿ ತಳಿಗಳಲ್ಲಿಯೂ ಅಂತಹುದೇ ಗುಣ ಸಹಜವಾಗಿಯೇ ಇದ್ದದ್ದು ನಂತರ ತಿಳಿಯಿತು. ವಂಶವಾಹಿಯನ್ನು ಬೇರ್ಪಡಿಸಿದ್ದು 1997ರಲ್ಲಿ. ವೈರಸ್ಸುಗಳಿಗೆ ಸಂಬಂಧಿಸಿದ ಅಪ್ರಬಲ ನಿರೋಧಕತೆಯ ಬಹುಪಾಲು ಪ್ರಕರಣಗಳಲ್ಲಿಯೂ ಇದೇ ತತ್ತ್ವವಿದೆ. ಪ್ರೋಟೀನು ತಯಾರಿಕೆಯನ್ನು ಆರಂಭಿಸುವ ಇಐಎಫ್4ಇ ಎಂಬ ಅಂಶವನ್ನು ವೈರಸ್ಸು ತನ್ನ ಕೆಲಸಕ್ಕೆ ಬಳಸಿಕೊಳ್ಳುತ್ತದೆ, ಮೆಣಸಿನಕಾಯಿ ಗಿಡ, ಲೆಟ್ಯೂಸ್, ಬಾರ್ಲಿಗಳಲ್ಲಿ ಅದರ ಸ್ವಲ್ಪ ಬದಲಾದ ರೂಪವಿದ್ದರೆ ವೈರಸ್ಸಿಗೆ ಹಿಡಿತ ಸಿಗುವುದಿಲ್ಲ.

ಇಲ್ಲಿ ಪಾರಾಗಬೇಕಾದರೆ ರೋಗಕಾರಕವು ಏನನ್ನೋ ಬಿಟ್ಟರೆ ಸಾಲದು, ಬೇರೊಂದು ದಾರಿಯನ್ನು ಹುಡುಕಿಕೊಳ್ಳಬೇಕು. ಬಾಳಿಕೆಗೆ ಮುಖ್ಯ ಕಾರಣ ಇದು. ಆದರೂ ಅಪ್ರಬಲವಾದುದೆಲ್ಲ ಬಾಳುತ್ತದೆ ಎಂದು ತಿಳಿಯಬಾರದು. ಭತ್ತದ ದುಂಡಾಣು ಎಲೆ ಅಂಗಮಾರಿ ರೋಗವನ್ನು ತಡೆಯುವ ಎಕ್ಸ್‌ಎ13 ಇದಕ್ಕೆ ಒಳ್ಳೆಯ ಪಾಠ. ದುಂಡಾಣುವು ತನ್ನ ಎಫೆಕ್ಟರಿನ ಮೂಲಕ ಗಿಡದ ಸ್ವೀಟ್11 ಎಂಬ ಸಕ್ಕರೆ ಸಾಗಿಸುವ ವಂಶವಾಹಿಯನ್ನು ಚಾಲೂ ಮಾಡಿ, ಕೋಶದಿಂದ ಹೊರಬರುವ ಸಕ್ಕರೆಯನ್ನು ಉಣ್ಣುತ್ತದೆ. ಎಕ್ಸ್‌ಎ13 ಇರುವ ಗಿಡದಲ್ಲಿ ಎಫೆಕ್ಟರು ಕೂರುವ ಡಿಎನ್‌ಎ ಭಾಗವೇ ಬದಲಾಗಿರುವುದರಿಂದ ಆ ಕೆಲಸ ನಡೆಯುವುದಿಲ್ಲ. ಆದರೆ ಬೇರೆ ಎಫೆಕ್ಟರುಗಳಿರುವ ದುಂಡಾಣುಗಳು ಸ್ವೀಟ್14 ಅನ್ನು ಚಾಲೂ ಮಾಡಿ ಅದೇ ಸಕ್ಕರೆಯನ್ನು ಪಡೆಯುತ್ತವೆ. ಇದನ್ನು ಅರಿತೇ, ಸ್ವೀಟ್ ಕುಟುಂಬದ ಮೂರು ವಂಶವಾಹಿಗಳ ಮುಂಭಾಗದಲ್ಲಿರುವ ಎಫೆಕ್ಟರು ಕೂರುವ ತಾಣಗಳನ್ನೆಲ್ಲ ಜೀನ್ ಎಡಿಟಿಂಗ್ ಮೂಲಕ ಒಟ್ಟಿಗೆ ಬದಲಿಸಿದ ಭತ್ತದ ಸಾಲುಗಳ (ಒಂದೇ ಮೂಲದಿಂದ ಬೆಳೆಸಿದ ಗಿಡಗುಂಪುಗಳ) ವರದಿ 2019ರಲ್ಲಿ ಬಂದಿತು.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಗಿಡದ ಆ ಪ್ರೋಟೀನು ರೋಗಕ್ಕಾಗಿ ಹುಟ್ಟಿದ್ದಲ್ಲ, ಅದಕ್ಕೆ ಗಿಡದಲ್ಲಿ ಬೇರೆ ಕೆಲಸವಿರುತ್ತದೆ. ಎಂಎಲ್‌ಒ ಕಳೆದುಕೊಂಡ ಬಾರ್ಲಿಯ ಎಲೆಗಳಲ್ಲಿ ರೋಗವಿಲ್ಲದೆಯೂ ಸತ್ತ ಚುಕ್ಕೆಗಳು ಮೂಡಬಹುದು, ಬೇರೆ ಕೆಲವು ಶಿಲೀಂಧ್ರಗಳಿಗೆ ಅದು ಹೆಚ್ಚು ಒಳಗಾಗುತ್ತದೆ. ಮೂರು ಜೀನೋಮ್‌ಗಳಿರುವ, ಅಂದರೆ ವಂಶವಾಹಿಗಳ ಮೂರು ಪೂರ್ಣ ಗಣಗಳಿರುವ ಗೋಧಿಯಲ್ಲಿ ಎಲ್ಲ ಪ್ರತಿಗಳೂ ಸಹಜವಾಗಿ ಒಟ್ಟಿಗೆ ಕೆಡುವುದು ಅಸಂಭವವೇ ಸರಿ. 2014ರಲ್ಲಿ ಚೀನಾದ ವಿಜ್ಞಾನಿಗಳು ಆರೂ ಪ್ರತಿಗಳನ್ನು ಎಡಿಟ್ ಮಾಡಿ ಬೂದಿ ರೋಗವನ್ನು ತಡೆದರು, ಆದರೆ ಬೆಳವಣಿಗೆ ಕುಂಠಿತವಾಯಿತು. ಪಕ್ಕದ ಇನ್ನೊಂದು ವಂಶವಾಹಿಯ ಚಟುವಟಿಕೆ ಹೆಚ್ಚಿದ ಒಂದು ಸಾಲಿನಲ್ಲಿ ಮಾತ್ರ ಆ ನಷ್ಟ ಕಾಣಲಿಲ್ಲ ಎಂಬುದನ್ನು 2022ರಲ್ಲಿ ಅವರು ವರದಿ ಮಾಡಿದರು.

ತಳಿಜಿಜ್ಞಾಸು

ಇಷ್ಟು ವಿವರವಾಗಿ ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಹಾಗಾದರೆ ಎಲ್‌ಆರ್34 ಯಾವ ಗುಂಪಿಗೆ ಸೇರುತ್ತದೆ ಸರ್? ಅದು ಎನ್‌ಎಲ್‌ಆರ್ ಗ್ರಾಹಕವೂ ಅಲ್ಲ, ಕೆಟ್ಟುಹೋದ ವಂಶವಾಹಿಯೂ ಅಲ್ಲ ಎಂದು ಓದಿದ ನೆನಪು.

ಗೋಧಿತಳಿ ಸಂಶೋಧಕ

ಸರಿಯಾಗಿಯೇ ಓದಿದ್ದೀರಿ. 2009ರಲ್ಲಿ ಅದನ್ನು ಬೇರ್ಪಡಿಸಿದಾಗ ಸಿಕ್ಕಿದ್ದು ಪೊರೆಯ ಮೂಲಕ ವಸ್ತುಗಳನ್ನು ಸಾಗಿಸುವ ಎಬಿಸಿ ಸಾಗಣೆ ಪ್ರೋಟೀನು. ರೋಗಕ್ಕೆ ಒಳಗಾಗುವ ತಳಿಗಳಲ್ಲಿರುವ ರೂಪಕ್ಕೂ ಇದಕ್ಕೂ ಪ್ರೋಟೀನಿನಲ್ಲಿರುವ ಮುಖ್ಯ ವ್ಯತ್ಯಾಸ ಎರಡೇ ಅಮೈನೊ ಆಮ್ಲಗಳದು. ಅಬ್ಸಿಸಿಕ್ ಆಮ್ಲ ಎಂಬ ಸಸ್ಯ ಹಾರ್ಮೋನನ್ನು ಅದು ಸಾಗಿಸುತ್ತದೆ ಎಂದು ಈಚಿನ ಸಂಶೋಧನೆ ತೋರಿಸಿದೆ. ಅದು ಯಾವ ರೇಸನ್ನೂ ಗುರುತಿಸುವುದಿಲ್ಲ. ಎಲೆತುಕ್ಕು, ಹಳದಿ ತುಕ್ಕು, ಬೂದಿ ರೋಗ ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಅಡ್ಡಿಯಾಗುತ್ತದೆ, ಅದೂ ಗಿಡ ಬಲಿತ ಮೇಲೆ. ಸೋಂಕು ತಗುಲುತ್ತದೆ, ಆದರೆ ಬೀಜಾಣುಗಳು ಮೂಡಲು ಹೆಚ್ಚು ದಿನ ಬೇಕಾಗುತ್ತದೆ, ಮೂಡುವ ಗುಳ್ಳೆಗಳೂ ಚಿಕ್ಕವಾಗಿರುತ್ತವೆ, ಹೀಗಾಗಿ ಹೊಲದಲ್ಲಿ ರೋಗ ಹಬ್ಬುವ ವೇಗ ತಗ್ಗುತ್ತದೆ. ಎಲೆಯ ತುದಿ ಒಣಗುವುದು ಇದರ ಜೊತೆಗೇ ಬರುವ ಲಕ್ಷಣವಾದುದರಿಂದ, ವಂಶವಾಹಿಯ ಇರವನ್ನು ತೋರಿಸುವ ಡಿಎನ್‌ಎ ಗುರುತುಗಳಾದ ಮಾರ್ಕರುಗಳಿಲ್ಲದ ಕಾಲದಲ್ಲಿ ತಳಿವಿಜ್ಞಾನಿಗಳು ಆ ಒಣತುದಿಯನ್ನು ನೋಡಿಯೇ ಗಿಡಗಳನ್ನು ಆರಿಸುತ್ತಿದ್ದರು.

ಇದೊಂದೇ ಇದ್ದರೆ ರೋಗದ ಒತ್ತಡ ಹೆಚ್ಚಿರುವಲ್ಲಿ ಬೆಳೆ ಉಳಿಯುವುದಿಲ್ಲ. ಇಂತಹ ಮೂರು ನಾಲ್ಕು ವಂಶವಾಹಿಗಳು ಒಂದೇ ತಳಿಯಲ್ಲಿ ಕೂಡಿದಾಗ ರೋಗ ಬಹುತೇಕ ಕಾಣದಂತಾಗುತ್ತದೆ. ಮೆಕ್ಸಿಕೋದಲ್ಲಿರುವ ಅಂತರರಾಷ್ಟ್ರೀಯ ಮುಸುಕಿನ ಜೋಳ ಮತ್ತು ಗೋಧಿ ಸಂಶೋಧನಾ ಸಂಸ್ಥೆ ಸಿಮಿಟ್‌ನ ಗೋಧಿ ತಳಿ ಅಭಿವೃದ್ಧಿ ಬಹಳ ಕಾಲದಿಂದ ಈ ದಾರಿಯಲ್ಲಿದೆ. ಈ ದಾರಿಯೇ ಸರಿಯೆಂದು ನಾನು ದೃಢವಾಗಿ ನಂಬುತ್ತೇನೆ, ಆದರೆ ಅದು ಕಷ್ಟದ ದಾರಿ. ತಳಿಯಲ್ಲಿ ಪ್ರಬಲವಾದ ಒಂದು ಗ್ರಾಹಕ ವಂಶವಾಹಿ ಇದ್ದರೆ ಗಿಡದಲ್ಲಿ ರೋಗವೇ ಕಾಣುವುದಿಲ್ಲ. ರೋಗವೇ ಕಾಣದಿದ್ದಾಗ ಯಾವ ಗಿಡದಲ್ಲಿ ಈ ಸಣ್ಣ ವಂಶವಾಹಿಗಳಿವೆ, ಯಾವುದರಲ್ಲಿಲ್ಲ ಎಂದು ಆರಿಸುವುದಾದರೂ ಹೇಗೆ? ಆರಿಸದೆ ಹೋದ ಪೀಳಿಗೆಗಳಲ್ಲಿ ಅವು ಒಂದೊಂದಾಗಿ ಕಳೆದುಹೋಗುತ್ತವೆ. ಮುಂದೊಂದು ದಿನ ಆ ಪ್ರಬಲ ವಂಶವಾಹಿ ಸೋತಾಗ, ಹಿಂದಿನ ಸಾಧಾರಣ ತಳಿಗಳಿಗಿಂತಲೂ ಇದು ಹೆಚ್ಚು ದುರ್ಬಲವಾಗಿರುವುದು ಬಯಲಾಗುತ್ತದೆ. ವರ್ಟಿಫೋಲಿಯಾ ಎಂಬ ಆಲೂಗಡ್ಡೆ ತಳಿಯಲ್ಲಿ ಕೊನೆ ಅಂಗಮಾರಿ ರೋಗದ ವಿಷಯದಲ್ಲಿ ಹೀಗಾದುದನ್ನು ಗಮನಿಸಿ ಸಸ್ಯರೋಗ ವಿಜ್ಞಾನಿ ವ್ಯಾಂಡರ್‌ಪ್ಲ್ಯಾಂಕ್ ಅವರು 1963ರಲ್ಲಿ ಆ ಪರಿಣಾಮಕ್ಕೆ ತಳಿಯ ಹೆಸರನ್ನೇ ಇಟ್ಟರು.

ಹೊಲದ ಪ್ರಯೋಗ

ಇದುವರೆಗಿನ ಚರ್ಚೆಯೆಲ್ಲ ವಂಶವಾಹಿಯ ಒಳಗಿನ ಕಾರಣಗಳ ಸುತ್ತ ನಡೆದಿದೆ. ಬಾಳಿಕೆಯ ಅರ್ಧಭಾಗ ವಂಶವಾಹಿಯ ಹೊರಗೆ, ಅದನ್ನು ಹೇಗೆ ಬಳಸುತ್ತೇವೆ ಎಂಬುದರಲ್ಲಿದೆ ಎಂದು ನಾನು ಒತ್ತಿ ಹೇಳಬಯಸುತ್ತೇನೆ. ಎಸ್‌ಆರ್31 ಎಂಬ ವಂಶವಾಹಿ ರೈ ಧಾನ್ಯದ ವರ್ಣತಂತುವಿನ ತುಂಡೊಂದರ ಮೂಲಕ ಗೋಧಿಗೆ ಬಂದು ಹಲವು ದಶಕ ಕಾಂಡತುಕ್ಕನ್ನು ತಡೆಯಿತು. ಆ ತುಂಡಿನ ಇತರ ಗುಣಗಳೂ ಚೆನ್ನಾಗಿದ್ದುದರಿಂದ ಲೋಕದ ನಾನಾ ಕಡೆಯ ಗೋಧಿ ತಳಿಗಳಲ್ಲಿ ಅದು ಸೇರಿಹೋಯಿತು. ಉಗಾಂಡದಲ್ಲಿ ಕಂಡು 1999ರಲ್ಲಿ ಹೆಸರಿಸಲಾದ ಯುಜಿ99 ಎಂಬ ರೇಸ್ ಅದನ್ನು ಮೀರಿದಾಗ ಖಂಡಗಳಾಚೆಗೂ ಆತಂಕ ಹರಡಿದ್ದು ಈ ಏಕರೂಪತೆಯಿಂದಲೇ. ಏಕರೂಪತೆಯ ಅಪಾಯಕ್ಕೆ ನ್ಯೂಕ್ಲಿಯಸ್ಸಿನ ವಂಶವಾಹಿಯೇ ಬೇಕೆಂದಿಲ್ಲ. 1970ರಲ್ಲಿ ಅಮೆರಿಕದ ಮುಸುಕಿನ ಜೋಳದ ಸುಮಾರು ಶೇ. 15ರಷ್ಟನ್ನು ನುಂಗಿದ ಎಲೆ ಅಂಗಮಾರಿಗೆ ಕಾರಣವಾದದ್ದು, ಸಂಕರಬೀಜ ತಯಾರಿಕೆಯ ಅನುಕೂಲಕ್ಕಾಗಿ ಬಹುತೇಕ ತಳಿಗಳಿಗೆ ಸೇರಿಸಿದ್ದ ಒಂದೇ ಬಗೆಯ ಪುರುಷವಂಧ್ಯ (ಫಲವತ್ತಾದ ಪರಾಗ ಹುಟ್ಟದಂತೆ ಮಾಡುವ) ಕೋಶದ್ರವ್ಯ, ಅಂದರೆ ಮೈಟೊಕಾಂಡ್ರಿಯಾದಲ್ಲಿದ್ದ ಒಂದು ವಂಶವಾಹಿ.

ಹಲವು ವಂಶವಾಹಿಗಳನ್ನು ಒಂದೇ ತಳಿಯಲ್ಲಿ ಪೇರಿಸುವುದನ್ನು ಪರಿಹಾರವೆಂದು ಹೇಳುತ್ತಾರೆ. ಒಂದು ಎಫೆಕ್ಟರು ಕೆಡುವ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದು ಎಂದಿಟ್ಟುಕೊಂಡರೆ ಎರಡೂ ಒಂದೇ ಬೀಜಾಣುವಿನಲ್ಲಿ ಕೆಡುವ ಸಾಧ್ಯತೆ ಲಕ್ಷ ಕೋಟಿಗೆ ಒಂದಾಗುತ್ತದೆ. ಲೆಕ್ಕ ಸರಿಯೇ, ಆದರೆ ಅದರ ಹಿಂದಿನ ಷರತ್ತನ್ನು ಬಹಳ ಮಂದಿ ಮರೆಯುತ್ತಾರೆ. ಪೇರಿಸಿದ ವಂಶವಾಹಿಗಳಲ್ಲಿ ಒಂದು ಬೇರೆ ತಳಿಗಳಲ್ಲಿ ಒಂಟಿಯಾಗಿ ಬೆಳೆಯುತ್ತಿದ್ದರೆ, ರೋಗಕಾರಕವು ಅದನ್ನು ಅಲ್ಲಿ ಮೊದಲು ಸೋಲಿಸಿ, ಉಳಿದುದನ್ನು ನಂತರ ಎದುರಿಸುತ್ತದೆ. ಎರಡು ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತುವ ಅವಕಾಶ ಸಿಕ್ಕಿದ ಮೇಲೆ ಆ ಗುಣಾಕಾರಕ್ಕೆ ಅರ್ಥವಿಲ್ಲ. ರೋಗಕಾರಕದಲ್ಲಿ ಲೈಂಗಿಕ ಸಂತಾನೋತ್ಪತ್ತಿ ಇದ್ದರೂ ಹಾಗೆಯೇ, ಬೇರೆ ಬೇರೆಯಾಗಿ ಕೆಟ್ಟ ಎರಡು ಎಫೆಕ್ಟರುಗಳು ಒಂದೇ ಸಂತತಿಯಲ್ಲಿ ಕೂಡಬಹುದು. ಭಾರತದಲ್ಲಿ ಸಾಂಬಾ ಮಸೂರಿ ಭತ್ತಕ್ಕೆ ಎಕ್ಸ್‌ಎ21, ಎಕ್ಸ್‌ಎ13 ಮತ್ತು ಎಕ್ಸ್‌ಎ5 ಮೂರನ್ನೂ ಮಾರ್ಕರುಗಳ ನೆರವಿನಿಂದ ಸೇರಿಸಿದ್ದು ನನಗೆ ಮೆಚ್ಚಿಗೆಯಾಗುವುದು ಅವುಗಳ ಸಂಖ್ಯೆಗಾಗಿ ಅಲ್ಲ. ಒಂದು ಕೋಶದ ಹೊರಮೈಯ ಗ್ರಾಹಕ, ಇನ್ನೆರಡು ಎಫೆಕ್ಟರಿನ ಕೆಲಸಕ್ಕೆ ಎಡೆಗೊಡದ ಬದಲಾದ ರೂಪಗಳು. ಹೀಗೆ ಬೇರೆ ಬೇರೆ ಬಗೆಯಲ್ಲಿ ಕೆಲಸ ಮಾಡುವುದನ್ನು ಜೊತೆಗೂಡಿಸಿರುವುದು ಅದರ ವಿಶೇಷ.

ತಳಿಮಿಶ್ರಣವೂ ಒಂದು ದಾರಿ. ಚೀನಾದ ಯುನ್ನಾನ್ ಪ್ರಾಂತದಲ್ಲಿ ಬೆಂಕಿ ರೋಗಕ್ಕೆ ಸುಲಭವಾಗಿ ತುತ್ತಾಗುವ ಅಂಟಕ್ಕಿಯ ತಳಿಗಳನ್ನು ನಿರೋಧಕ ತಳಿಗಳ ಸಾಲುಗಳ ನಡುವೆ ಬೆಳೆದಾಗ ಅಂಟಕ್ಕಿಯಲ್ಲಿ ರೋಗದ ತೀವ್ರತೆ ಶೇ. 94ರಷ್ಟು ತಗ್ಗಿತೆಂದು 2000ದಲ್ಲಿ ಪ್ರಕಟವಾಯಿತು. ಅಲ್ಲಿ ಹೊಸ ವಂಶವಾಹಿ ಒಂದೂ ಇರಲಿಲ್ಲ.

ಬೀಜಸಂಗ್ರಾಹಕ

ಎಕ್ಸ್‌ಎ21 ಎಲ್ಲಿಂದ ಬಂದಿತು ಎಂಬುದನ್ನು ಇಲ್ಲಿ ಸೇರಿಸುವುದು ಸೂಕ್ತ. ಅದು ಆಫ್ರಿಕಾದ ಕಾಡುಭತ್ತವಾದ ಒರೈಝಾ ಲಾಂಗಿಸ್ಟಾಮಿನಾಟಾದ ಕೊಡುಗೆ. ಆಲೂಗಡ್ಡೆಗೆ ಮೆಕ್ಸಿಕೋದ ಕಾಡುಜಾತಿಗಳು ಇದೇ ರೀತಿ ನೆರವಾದವು. ಎಲ್ಲಕ್ಕಿಂತ ಮನಸ್ಸಿಗೆ ನಾಟುವುದು ಭತ್ತದ ಗ್ರಾಸಿ ಸ್ಟಂಟ್ ವೈರಸ್ ರೋಗದ ಪ್ರಕರಣ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು ಆರು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದಾಗ ಭಾರತದ ಒರೈಝಾ ನಿವಾರಾದ ಒಂದೇ ಒಂದು ಸಂಗ್ರಹದಲ್ಲಿ ನಿರೋಧಕತೆ ಸಿಕ್ಕಿತು. ಆ ಒಂದು ಹಿಡಿ ಬೀಜವನ್ನು ಯಾರೂ ಸಂಗ್ರಹಿಸದೆ ಹೋಗಿದ್ದರೆ ಆ ವಂಶವಾಹಿ ನಮಗೆ ದಕ್ಕುತ್ತಿರಲಿಲ್ಲ.

ಕಾಡುಜಾತಿಗಳಿಂದ ತರುವಾಗ ಬೇಡದ ಗುಣಗಳೂ ಅಂಟಿಕೊಂಡು ಬರುತ್ತವೆ, ಬೆಳೆಸಿದ ತಳಿಗಳಿಂದ ತಂದರೂ ಹಾಗಾಗುವುದುಂಟು. ಬೆಂಕಿ ರೋಗವನ್ನು ಭಾಗಶಃ ತಡೆಯುವ ಅಪ್ರಬಲ ಪಿಐ21ರ ಪಕ್ಕದಲ್ಲಿಯೇ ಅನ್ನದ ರುಚಿಯನ್ನು ಕೆಡಿಸುವ ವಂಶವಾಹಿ ಇತ್ತು. ಎರಡನ್ನೂ ಬೇರ್ಪಡಿಸಿದ ಗಿಡಗಳನ್ನು ಗುರುತಿಸಲು ಸಾಧ್ಯವಾದದ್ದು 2009ರಲ್ಲಿ ಆ ವಂಶವಾಹಿಯನ್ನೇ ನಿಖರವಾಗಿ ಪತ್ತೆಹಚ್ಚಿದ ಮೇಲೆ.

ಸಸ್ಯರೋಗ ಅಧ್ಯಾಪಕಿ

ನಾನು ಮೊದಲು ಬರೆದದ್ದು ಜೀವಂತ ಕೋಶವನ್ನು ಆಶ್ರಯಿಸುವ ರೋಗಕಾರಕಗಳಿಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಸ್ಪಷ್ಟಪಡಿಸಬೇಕು. ಕೋಶವನ್ನು ಕೊಂದು ತಿನ್ನುವ ಶಿಲೀಂಧ್ರಗಳೂ ಇವೆ, ಅವುಗಳ ಮುಂದೆ ಗಿಡದ ಕೋಶವು ತಾನಾಗಿ ಸಾಯುವುದು ಶತ್ರುವಿಗೆ ಮಾಡಿಕೊಟ್ಟ ಅನುಕೂಲ. 1940ರ ದಶಕದಲ್ಲಿ ಅಮೆರಿಕದಲ್ಲಿ ಓಟ್ಸ್‌ನ ಕ್ರೌನ್ ತುಕ್ಕನ್ನು ತಡೆಯಲು ವಿಕ್ಟೋರಿಯಾ ಎಂಬ ತಳಿಯ ನಿರೋಧಕತೆಯನ್ನು ವ್ಯಾಪಕವಾಗಿ ಬಳಸಿದರು. ತುಕ್ಕು ನಿಂತಿತು, ಆದರೆ ಅದುವರೆಗೆ ಗಮನಕ್ಕೇ ಬಾರದಿದ್ದ ಇನ್ನೊಂದು ಶಿಲೀಂಧ್ರವು ಆ ನಿರೋಧಕತೆ ಇರುವ ಗಿಡಗಳನ್ನೇ ಹುಡುಕಿ ಕೊಂದಿತು. ತುಕ್ಕಿನ ನಿರೋಧಕತೆಯನ್ನೂ ಹೊಸ ರೋಗದ ಒಳಗಾಗುವಿಕೆಯನ್ನೂ ಬೇರ್ಪಡಿಸಲು ತಳಿವಿಜ್ಞಾನಿಗಳು ಎಷ್ಟು ಪ್ರಯತ್ನಿಸಿದರೂ ಆಗಲಿಲ್ಲ. ಆ ಶಿಲೀಂಧ್ರದ ವಿಷವು ಅರಾಬಿಡಾಪ್ಸಿಸ್‌ನಲ್ಲಿ ಪ್ರಚೋದಿಸುವುದು ಎನ್‌ಎಲ್‌ಆರ್ ಗ್ರಾಹಕವೊಂದನ್ನೇ ಎಂಬುದು 2007ರಲ್ಲಿ ತಿಳಿಯಿತು. ಇಂತಹ ರೋಗಗಳಲ್ಲಿ ಬೇಕಾಗುವುದು ಬೇರೆ ಬಗೆಯ ವಂಶವಾಹಿ. 1992ರಲ್ಲಿ ಬೇರ್ಪಡಿಸಿದ ಮುಸುಕಿನ ಜೋಳದ ಎಚ್‌ಎಂ1 ಅಂತಹದು, ಅದು ಶಿಲೀಂಧ್ರದ ವಿಷವನ್ನೇ ನಿರ್ವಿಷಗೊಳಿಸುವ ಕಿಣ್ವವನ್ನು ತಯಾರಿಸುತ್ತದೆ. ರೇಸ್‌ಗೆ ತಕ್ಕಂತೆ ಕೆಲಸ ಮಾಡುವ ನಿರೋಧಕ ವಂಶವಾಹಿಗಳಲ್ಲಿ ಮೊಟ್ಟಮೊದಲು ಬೇರ್ಪಡಿಸಿದ್ದೂ ಇದನ್ನೇ.

ತಳಿಜಿಜ್ಞಾಸು

ಕೊನೆಯದಾಗಿ ಒಂದು ಸಂದೇಹ. ಇಷ್ಟೊಂದು ಗ್ರಾಹಕಗಳನ್ನು ಒಂದೇ ಗಿಡದಲ್ಲಿ ತುಂಬಿದರೆ ಇಳುವರಿ ತಗ್ಗುವುದಿಲ್ಲವೇ?

ಜೀವಕೋಶ

ತಗ್ಗಬಹುದು, ಆದರೆ ಎಲ್ಲ ವಂಶವಾಹಿಗಳಿಗೂ ಒಂದೇ ಬೆಲೆ ಇರುವುದಿಲ್ಲ. ರೋಗವಿಲ್ಲದ ಹೊಲದಲ್ಲಿ ಆರ್‌ಪಿಎಂ1 ಇರುವ ಅರಾಬಿಡಾಪ್ಸಿಸ್ ಗಿಡಗಳು ಅದಿಲ್ಲದ ಗಿಡಗಳಿಗಿಂತ ಶೇ. 9ರಷ್ಟು ಕಡಿಮೆ ಬೀಜ ಕೊಟ್ಟದ್ದು 2003ರಲ್ಲಿ ವರದಿಯಾಯಿತು. ಅದೇ ಸಸ್ಯದಲ್ಲಿ ನೂರೈವತ್ತರಷ್ಟು ಇಂತಹ ವಂಶವಾಹಿಗಳಿರುವುದನ್ನು ನೋಡಿದರೆ ಪ್ರತಿಯೊಂದಕ್ಕೂ ಅಷ್ಟು ನಷ್ಟವಾಗುತ್ತಿರಲಾರದು ಎಂಬುದು ಸ್ಪಷ್ಟ. ಭತ್ತದ ವರ್ಣತಂತುವಿನ ಪಿಐಜಿಎಂ ಎಂಬ ತಾಣದಲ್ಲಿ ಒಂದು ಗ್ರಾಹಕ ಬೆಂಕಿ ರೋಗವನ್ನು ವ್ಯಾಪಕವಾಗಿ ತಡೆಯುತ್ತದೆ, ಪಕ್ಕದಲ್ಲಿರುವ ಇನ್ನೊಂದು ಮುಖ್ಯವಾಗಿ ಪರಾಗದಲ್ಲಿ ವ್ಯಕ್ತವಾಗಿ ಕಾಳುಕಟ್ಟುವಿಕೆಯನ್ನು ಹೆಚ್ಚಿಸಿ ಆ ನಷ್ಟವನ್ನು ತುಂಬುತ್ತದೆ. ಆದ್ದರಿಂದ ಯಾವ ಜೋಡಣೆಯನ್ನೇ ಆಗಲಿ ರೋಗವಿರುವ ಮತ್ತು ರೋಗವಿಲ್ಲದ ಎರಡೂ ಹೊಲಗಳಲ್ಲಿ ಅಳೆಯಬೇಕು.

ಹೊಲದ ಪ್ರಯೋಗ

ಅಳೆದು ಬಿಡುಗಡೆ ಮಾಡಿದ ಮೇಲೂ ರೋಗಕಾರಕದ ಮೇಲೆ ಕಣ್ಣಿಡಬೇಕು. ಎಫೆಕ್ಟರಿನ ವಂಶವಾಹಿ ತಿಳಿದಿರುವ ಕಡೆ, ಹೊಲಗಳಿಂದ ತಂದ ಶಿಲೀಂಧ್ರದ ಡಿಎನ್‌ಎ ಓದಿ, ಅದರ ಕೆಟ್ಟ ರೂಪ ಎಷ್ಟು ಪ್ರಮಾಣದಲ್ಲಿದೆ ಎಂಬುದನ್ನು ತಳಿ ಸೋಲುವ ಮೊದಲೇ ಅರಿಯಬಹುದು. ಗೋಧಿಯ ತುಕ್ಕುಗಳಲ್ಲಿ ಹೀಗೆ ತಿಳಿದಿರುವ ಎಫೆಕ್ಟರುಗಳು ಇನ್ನೂ ಕೆಲವೇ. ಉಳಿದವುಗಳಿಗೆ, ಗೊತ್ತಿರುವ ಒಂದೊಂದೇ ವಂಶವಾಹಿ ಇರುವ ಸಾಲುಗಳನ್ನು ಪ್ರತಿ ಹಂಗಾಮಿನಲ್ಲಿ ಬಿತ್ತಿ, ಯಾವುದರ ಮೇಲೆ ಗುಳ್ಳೆ ಮೂಡಿತು ಎಂದು ನೋಡುವ ಹಳೆಯ ವಿಧಾನವೇ ಈಗಲೂ ಆಧಾರ.